ಉದ್ದ ಮೆಥಡ್‌ನಲ್ಲಿ ಅಡಗಿರುವ ದೋಷ: ಕಬ್ಬಿನ ಬಿಲ್ ಕೋಡನ್ನು ಅಳೆದು ಬಿಡಿಸುವ ಬಗೆ

ಲಕ್ಷಣ

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ ಸಾಫ್ಟ್‌ವೇರನ್ನು ನಾವು ಮೈಸೂರಿನಲ್ಲಿ ಕೂತು ನೋಡಿಕೊಳ್ಳುತ್ತೇವೆ. ಜಾವಾದಲ್ಲಿ ಬರೆದ ಹಳೆಯ ಕೋಡ್. ಹಂಗಾಮು ಜೋರಾಗಿದ್ದಾಗ ಟ್ರ್ಯಾಕ್ಟರ್ ಮಾಲೀಕರೊಬ್ಬರು ಫೋನ್ ಮಾಡಿದರು: "ಒಂದೊಂದು ಟ್ರಿಪ್‌ಗೆ ಐವತ್ತು ರೂಪಾಯಿ ಕಮ್ಮಿ ಬತ್ತಾ ಅದೆ ಸಾರ್, ಒಂದೊಂದಕ್ಕೆ ಸರಿಯಾಗೇ ಬತ್ತದೆ." ರೈತರ ಬಿಲ್ಲಿನಲ್ಲಿ ತಪ್ಪಿಲ್ಲ. ಲಾಗ್‌ನಲ್ಲಿ ಎರರ್ ಇಲ್ಲ. ತೂಕದ ಚೀಟಿಯೂ ಸರಿಯಾಗಿದೆ. ಸಾಗಣೆ ಬಾಡಿಗೆ ಮಾತ್ರ, ಅದೂ ಕೆಲವು ಟ್ರಿಪ್‌ಗಳಲ್ಲಿ ಮಾತ್ರ, ಕಡಿಮೆ ಬರುತ್ತಿದೆ.

ಎಲ್ಲರಿಗೂ ಒಂದೇ ಥರ ತಪ್ಪು ಬಂದರೆ ಅದು ಸುಲಭದ ದೋಷ. ಯಾವುದೋ ದರ ತಪ್ಪಾಗಿ ಎಂಟ್ರಿ ಆಗಿರುತ್ತದೆ, ತಿದ್ದಿದರೆ ಮುಗಿಯಿತು. ಕೆಲವರಿಗೆ ಮಾತ್ರ ತಪ್ಪು ಬರುತ್ತಿದ್ದರೆ, ಮತ್ತು ಇತ್ತೀಚೆಗೆ ಬದಲಾದ ಕೋಡಿಗೂ ಆ ತಪ್ಪಿಗೂ ಸಂಬಂಧವೇ ಇಲ್ಲ ಅನ್ನಿಸುತ್ತಿದ್ದರೆ, ಉದ್ದ ಮೆಥಡ್ (ಒಂದು ಕೆಲಸಕ್ಕೆ ಹೆಸರಿಟ್ಟು ಬರೆದ ಕೋಡಿನ ತುಂಡು) ಮೇಲೆ ಮೊದಲು ಅನುಮಾನ ಪಡಿ. ನಮ್ಮಲ್ಲಿ ಇತ್ತೀಚೆಗೆ ಬದಲಾಗಿದ್ದು ದೂರದ ಸ್ಲ್ಯಾಬ್ (ಇಷ್ಟು ದೂರಕ್ಕೆ ಇಷ್ಟು ಬಾಡಿಗೆ ಅನ್ನುವ ಹಂತಗಳು) ಮಾತ್ರ. ತಪ್ಪು ಬಂದ ಟ್ರಿಪ್‌ಗಳಿಗೂ ದೂರಕ್ಕೂ ತಾಳೆಯೇ ಆಗುತ್ತಿರಲಿಲ್ಲ.

ಮೊದಲು ಅಳೆಯಿರಿ

ಕೋಡ್ ತೆರೆದು ಮೊದಲ ಸಾಲಿನಿಂದ ಓದಲು ಕೂರಬೇಡಿ. ನಾನೂರು ಸಾಲಿನ ಮೆಥಡನ್ನು ತಲೆಯಲ್ಲಿ ಇಟ್ಟುಕೊಂಡು ಓದುವುದು ಯಾರಿಂದಲೂ ಆಗದ ಕೆಲಸ. ಐದು ನಿಮಿಷ ಕೊಟ್ಟು ಅಳತೆ ತೆಗೆಯಿರಿ.

ನಾನು ಇದಕ್ಕೆ ಲಿಝರ್ಡ್ ಎಂಬ ಟೂಲ್ ಬಳಸುತ್ತೇನೆ. ಪೈಥಾನ್ ಇದ್ದರೆ ಸಾಕು, ಪಿಪ್‌ನಿಂದ ಇನ್‌ಸ್ಟಾಲ್ ಆಗುತ್ತದೆ. ಜಾವಾ, ಸಿ, ಜಾವಾಸ್ಕ್ರಿಪ್ಟ್, ಪೈಥಾನ್ ಎಲ್ಲವನ್ನೂ ಓದುತ್ತದೆ. ಕೋಡ್ ಕಂಪೈಲ್ ಆಗಲೇಬೇಕು ಅಂತೇನಿಲ್ಲ. ಫೋಲ್ಡರ್ ತೋರಿಸಿದರೆ ಪ್ರತಿ ಮೆಥಡ್‌ಗೂ ಒಂದು ಸಾಲು ಕೊಡುತ್ತದೆ: ಕಾಮೆಂಟ್ ಬಿಟ್ಟು ಎಷ್ಟು ಸಾಲು, ಸಿಸಿಎನ್ (ಇದೇನು ಅಂತ ಕೆಳಗೆ ಹೇಳುತ್ತೇನೆ) ಎಷ್ಟು, ಎಷ್ಟು ಪ್ಯಾರಾಮೀಟರ್. ಸಿಸಿಎನ್ 15 ದಾಟಿದವನ್ನು ತಾನಾಗಿಯೇ ಬೇರೆ ಪಟ್ಟಿ ಮಾಡಿ ತೋರಿಸುತ್ತದೆ. ಪೈಥಾನ್ ಕೋಡ್ ಮಾತ್ರ ಇದ್ದರೆ ರೇಡಾನ್ ಕೂಡ ಚೆನ್ನಾಗಿದೆ. ಅದು ಎ ಇಂದ ಎಫ್ ತನಕ ದರ್ಜೆ ಕೊಡುತ್ತದೆ: 5ರ ತನಕ ಎ, 40 ದಾಟಿದರೆ ಎಫ್.

ಸಿಸಿಎನ್ ಅಂದರೆ ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ. ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಅಳತೆ ಇದು. ಲೆಕ್ಕ ಸುಲಭ: ಮೆಥಡ್‌ನಲ್ಲಿ ದಾರಿ ಕವಲೊಡೆಯುವ ಜಾಗಗಳನ್ನು ಎಣಿಸಿ, ಒಂದು ಸೇರಿಸಿ. ಪ್ರತಿ ಇಫ್, ಪ್ರತಿ ಲೂಪ್, ಪ್ರತಿ ಕೇಸ್, ಪ್ರತಿ ಕ್ಯಾಚ್‌ಗೆ ಒಂದೊಂದು. ಷರತ್ತಿನೊಳಗಿನ && ಮತ್ತು || ಗುರುತುಗಳನ್ನೂ ಹೆಚ್ಚಿನ ಟೂಲ್‌ಗಳು ಎಣಿಸುತ್ತವೆ. 10ರ ಒಳಗಿದ್ದರೆ ಒಳ್ಳೆಯದು ಅಂತ ಮೆಕೇಬ್ ಅವರೇ ಸೂಚಿಸಿದ್ದರು. ಆ ಸಂಖ್ಯೆಗೆ ಇನ್ನೊಂದು ಉಪಯೋಗ ಇದೆ. ಎಲ್ಲ ಕವಲನ್ನೂ ಒಂದು ಸಲವಾದರೂ ಓಡಿಸಲು ಅಷ್ಟು ಟೆಸ್ಟ್ ಸಾಕು, ಅದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ನಮ್ಮ ಬಿಲ್ ಲೆಕ್ಕದ ಮೆಥಡ್‌ನಲ್ಲಿ ಸಿಸಿಎನ್ ಅರವತ್ತರ ಮೇಲಿತ್ತು. ಪಟ್ಟಿಯಲ್ಲಿ ಎರಡನೇ ಸ್ಥಾನದ ಮೆಥಡ್‌ನದು ಹದಿನೆಂಟು. ಇಷ್ಟು ದೊಡ್ಡ ಅಂತರ ಇದ್ದರೆ ಎಲ್ಲಿ ನೋಡಬೇಕು ಅನ್ನುವ ಪ್ರಶ್ನೆ ಮುಗಿದ ಹಾಗೆ. ಅಂತರ ಇಷ್ಟು ಸ್ಪಷ್ಟವಾಗಿ ಇಲ್ಲದಿದ್ದರೆ ಗಿಟ್ ಲಾಗ್ (ಕೋಡಿನ ಬದಲಾವಣೆಗಳ ದಾಖಲೆ) ನೋಡಿ, ಯಾವ ಫೈಲ್ ಜಾಸ್ತಿ ಸಲ ಬದಲಾಗಿದೆ ಅಂತ ಎಣಿಸಿ. ಸಂಖ್ಯೆಯೂ ದೊಡ್ಡದು, ಪದೇ ಪದೇ ಕೈ ಹಾಕುವ ಫೈಲೂ ಹೌದು ಅಂದರೆ ಅಲ್ಲೇ ಶುರುಮಾಡಿ. ಸಿಸಿಎನ್ 40 ಇದ್ದರೂ ವರ್ಷಗಟ್ಟಲೆ ಯಾರೂ ಮುಟ್ಟದ ಕೋಡನ್ನು ಸುಮ್ನೆ ಬಿಡಿ. ಅದು ಯಾರಿಗೂ ತೊಂದರೆ ಕೊಡುತ್ತಿಲ್ಲ.

ಸಂಖ್ಯೆ ಎಲ್ಲಿ ದಾರಿ ತಪ್ಪಿಸುತ್ತದೆ

ದೂರದ ಸ್ಲ್ಯಾಬ್‌ಗೆ ಎಂಟು ಕೇಸ್‌ಗಳ ಒಂದು ಸ್ವಿಚ್ ಇತ್ತು. ಸಿಸಿಎನ್‌ಗೆ ಅದೊಂದೇ ಎಂಟು ಸೇರಿಸುತ್ತದೆ. ಆದರೆ ಅದನ್ನು ಓದಲು ಏನೂ ಕಷ್ಟವಿಲ್ಲ, ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದರೆ ಸಾಕು. ಈಗ ಇದನ್ನು ನೋಡಿ (ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ; ತರಗು ಅಂದರೆ ಕಬ್ಬಿನ ಜೊತೆ ಬರುವ ಒಣ ಎಲೆ, ಕಸ):

ತೂಕ = ಒಟ್ಟು_ತೂಕ - ಖಾಲಿ_ತೂಕ;
...
ಇಫ್ (ಒಪ್ಪಿಗೆ_ಕಬ್ಬು) {
    ಇಫ್ (ತರಗು_ಇದೆ) {
        ಇಫ್ (ತರಗು_ಶೇಕಡ > ಮಿತಿ && !ಮಾಫಿ) {
            ತೂಕ = ತೂಕ - ತೂಕ * ತರಗು_ಶೇಕಡ / 100;
        }
    }
}

ಒಳಗಿನ ಮೂರು ಇಫ್ ಮತ್ತು ಒಂದು && ಮಾತ್ರ ತೆಗೆದುಕೊಂಡರೆ ಸಿಸಿಎನ್ 5. ಸ್ವಿಚ್‌ಗಿಂತ ಕಡಿಮೆ! ಆದರೆ ಓದುವವರಿಗೆ ಕಷ್ಟ ಇರುವುದು ಇಲ್ಲೇ. ಈ ವ್ಯತ್ಯಾಸ ಹಿಡಿಯಲೆಂದೇ ಸೋನಾರ್ ಎಂಬ ಕೋಡ್ ಪರೀಕ್ಷಿಸುವ ಟೂಲ್‌ನವರು ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಎಂಬ ಇನ್ನೊಂದು ಅಳತೆ ತಂದರು. ಅದರಲ್ಲಿ ಇಡೀ ಸ್ವಿಚ್‌ಗೆ ಒಂದೇ ಅಂಕ. ಇಫ್ ಒಳಗೆ ಇಫ್ ಬಂದರೆ ಮಾತ್ರ ಆಳಕ್ಕೆ ತಕ್ಕಂತೆ ದಂಡ: ಹೊರಗಿನದಕ್ಕೆ 1, ಅದರೊಳಗಿನದಕ್ಕೆ 2, ಅದಕ್ಕೂ ಒಳಗಿನದಕ್ಕೆ 3, ಜೊತೆಗೆ && ಗುರುತಿಗೆ 1. ಒಟ್ಟು 7. ಎರಡೂ ಅಳತೆ ಒಟ್ಟಿಗೆ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸಿಸಿಎನ್ ದೊಡ್ಡದು, ಕಾಗ್ನಿಟಿವ್ ಚಿಕ್ಕದು ಅಂದರೆ ಅದು ಬಹುಶಃ ಪಟ್ಟಿಯಂಥ ಕೋಡ್, ಆತುರ ಬೇಡ. ಕಾಗ್ನಿಟಿವ್ 15 ದಾಟಿದರೆ ಸೋನಾರ್ ಸಾಮಾನ್ಯವಾಗಿ ಎಚ್ಚರಿಸುತ್ತದೆ. ಅದನ್ನು ನಾನು ಗಂಭೀರವಾಗಿ ತಗೊಳ್ತೀನಿ.

ಇನ್ನೊಂದು ಅಳತೆ ಎನ್‌ಪಾತ್. ಬ್ರಯಾನ್ ನೆಜ್ಮೆ 1988ರಲ್ಲಿ ಕೊಟ್ಟಿದ್ದು. ಒಂದರ ಕೆಳಗೆ ಒಂದು ಬರುವ ಇಫ್‌ಗಳನ್ನು ಇದು ಕೂಡುವುದಿಲ್ಲ, ಗುಣಿಸುತ್ತದೆ. ಬಿಡಿಬಿಡಿಯಾದ ಹತ್ತು ಇಫ್ ಸಾಲಾಗಿ ಇದ್ದರೆ ಸಿಸಿಎನ್ ಬರೀ 11, ಆದರೆ ದಾರಿಗಳು 1,024. ಕೆಲವು ಟ್ರಿಪ್‌ಗೆ ಮಾತ್ರ ತಪ್ಪು ಬರುವುದು ಯಾಕೆ, ಟೆಸ್ಟ್ ಎಲ್ಲ ಪಾಸಾದರೂ ತಪ್ಪು ಉಳಿಯುವುದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಸಾವಿರ ದಾರಿಗಳಲ್ಲಿ ಒಂದೋ ಎರಡೋ ಕೆಟ್ಟಿರುತ್ತವೆ.

ದೋಷ ಹಿಡಿಯುವುದು: ವೇರಿಯಬಲ್ ಹಿಂದೆ ಬೀಳಿ

ಅಳತೆ ಮೆಥಡ್ ತನಕ ಕರೆದುಕೊಂಡು ಹೋಗುತ್ತದೆ, ಸಾಲಿನ ತನಕ ಅಲ್ಲ. ಮೇಲೆ ಹೇಳಿದ ಯಾವ ಅಳತೆಯೂ ಒಂದು ವೇರಿಯಬಲ್‌ಗೆ ಎಷ್ಟು ಸಲ ಹೊಸ ಬೆಲೆ (ವ್ಯಾಲ್ಯೂ) ಕೊಟ್ಟಿದೆ ಅಂತ ನೋಡುವುದಿಲ್ಲ. ನನ್ನ ಅನುಭವದಲ್ಲಿ ಉದ್ದ ಮೆಥಡ್‌ಗಳ ದೋಷ ಹೆಚ್ಚಾಗಿ ಸಿಗುವುದು ಅಲ್ಲೇ.

ಜಾವಾದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಅನುಮಾನ ಇರುವ ವೇರಿಯಬಲ್ ಘೋಷಿಸುವ ಸಾಲಿನ ಶುರುವಿನಲ್ಲಿ ಫೈನಲ್ (ಒಮ್ಮೆ ಕೊಟ್ಟ ಬೆಲೆ ಬದಲಾಗಬಾರದು ಅನ್ನುವ ಗುರುತು) ಎಂದು ಸೇರಿಸಿ ಕಂಪೈಲ್ ಮಾಡಿ. ಆಮೇಲೆ ಅದರ ಬೆಲೆ ಎಲ್ಲೆಲ್ಲಿ ಬದಲಾಗುತ್ತದೋ ಅಲ್ಲೆಲ್ಲ ಕಂಪೈಲರ್ ಎರರ್ ಕೊಡುತ್ತದೆ. ಒಂದೇ ಏಟಿಗೆ ಪಟ್ಟಿ ಸಿಗುತ್ತದೆ. ಬಾಡಿಗೆ ಲೆಕ್ಕಕ್ಕೆ ಒಳಹೋಗುವುದು ಮೂರೇ ಸಂಗತಿ: ತೂಕ, ದೂರ, ದರ. ಮೂರಕ್ಕೂ ಫೈನಲ್ ಹಾಕಿ ನೋಡಿದಾಗ ದೂರ ಮತ್ತು ದರ ಮಿಸುಕಲಿಲ್ಲ, ತೂಕ ಮಾತ್ರ ತರಗಿನ ಬ್ಲಾಕ್‌ನಲ್ಲಿ ಬದಲಾಗಿತ್ತು.

ಮುಂದಿನ ಹೆಜ್ಜೆ ಗಿಟ್ ಬ್ಲೇಮ್. ಪ್ರತಿ ಸಾಲನ್ನು ಕೊನೆಗೆ ಯಾರು, ಯಾವಾಗ ಮುಟ್ಟಿದರು ಅಂತ ಇದು ತೋರಿಸುತ್ತದೆ. ಮೊದಲು ಬಾಡಿಗೆಯ ಸಾಲು ತರಗಿನ ಬ್ಲಾಕ್‌ಗಿಂತ ಮೇಲಿತ್ತು. ಸ್ಲ್ಯಾಬ್ ಬದಲಾದಾಗ ಅದನ್ನು ಸ್ವಿಚ್ ಪಕ್ಕ ಇರಲಿ ಅಂತ ಇನ್ನೂರು ಸಾಲು ಕೆಳಕ್ಕೆ ಸರಿಸಲಾಗಿದೆ. ಸಾಲಿನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಅದು ಓದುವ ತೂಕ ಈಗ ಬೇರೆ.

ಉದಾಹರಣೆಗೆ ಲೆಕ್ಕ ಹಾಕಿ. ನಿವ್ವಳ ತೂಕ 10,240 ಕಿಲೊ. ಬಾಡಿಗೆ ಟನ್‌ಗೆ 250 ರೂಪಾಯಿ ಅಂದರೆ 2,560 ರೂಪಾಯಿ ಬರಬೇಕು. ತರಗು ಶೇ 2 ಕಳೆದರೆ ತೂಕ 10,035.2 ಕಿಲೊ, ಬಾಡಿಗೆ 2,508.80. ವ್ಯತ್ಯಾಸ 51 ರೂಪಾಯಿ 20 ಪೈಸೆ. ಫೋನಿನಲ್ಲಿ ಹೇಳಿದ ಐವತ್ತು ರೂಪಾಯಿ ಇದೇ.

ಇಷ್ಟಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಯಾವುದು ಸರಿ ಅಂತ ಕೋಡ್ ಹೇಳುವುದಿಲ್ಲ, ಬಿಲ್ ಮಾಡುವವರು ಹೇಳಬೇಕು. ಕಾರ್ಖಾನೆಯ ಕಬ್ಬು ವಿಭಾಗದ ಹಿರಿಯ ಗುಮಾಸ್ತರನ್ನು ಕೇಳಿದೆವು. "ನೋಡಿ ಸ್ವಾಮಿ, ತರಗು ಕಳೆಯೋದು ಕಬ್ಬಿನ ಬೆಲೆಗೆ ಮಾತ್ರ. ಟ್ರ್ಯಾಕ್ಟರ್‌ನೋರು ತರಗನ್ನೂ ಹೊತ್ಕೊಂಡೇ ಬಂದಿರ್ತಾರಲ್ವಾ?" ಅಂದರು. ಅಲ್ಲಿನ ಸಾಗಣೆ ಕರಾರಿನಲ್ಲೂ ಹಾಗೇ ಇತ್ತು. ಈ ಮಾತು ಕೇಳದೆ ಕೋಡ್ ತಿದ್ದಲು ಹೋಗಬೇಡಿ.

ಮೊದಲು ಚಿಕ್ಕ ದುರಸ್ತಿ, ಆಮೇಲೆ ದೊಡ್ಡ ಕೆಲಸ

ದಿನಾ ದುಡ್ಡು ತಪ್ಪಿ ಹೋಗುತ್ತಿರುವಾಗ ರಿಫ್ಯಾಕ್ಟರ್ (ಉತ್ತರ ಬದಲಾಗದಂತೆ ಕೋಡಿನ ರಚನೆ ಸುಧಾರಿಸುವುದು) ಮಾಡಲು ಕೂರುವುದು ಸರಿಯಲ್ಲ. ತರಗಿನ ಬ್ಲಾಕ್‌ಗಿಂತ ಮೇಲೆ ಸಾಗಣೆ_ತೂಕ = ತೂಕ ಎಂದು ಒಂದು ಸಾಲು, ಬಾಡಿಗೆಯ ಸಾಲಿನಲ್ಲಿ ತೂಕದ ಜಾಗದಲ್ಲಿ ಸಾಗಣೆ_ತೂಕ. ಅಷ್ಟೇ. ಅದನ್ನು ಬೇರೆ ಕಮಿಟ್ ಮಾಡಿ ಕಳಿಸಿ. ಅದರ ಜೊತೆ ಇನ್ನೊಂದು ಸಾಲನ್ನೂ ಚೆಂದ ಮಾಡಲು ಹೋಗಬೇಡಿ.

ಆಮೇಲೆ ಹಂಗಾಮಿನ ಎಲ್ಲ ಚೀಟಿಗಳನ್ನು ಹಳೆಯ ಮತ್ತು ತಿದ್ದಿದ ಕೋಡ್ ಎರಡರಲ್ಲೂ ಓಡಿಸಿ, ಬಾಡಿಗೆ ಬೇರೆ ಬೇರೆ ಬಂದ ಚೀಟಿಗಳನ್ನು ತೆಗೆಯಿರಿ. ಯಾರ್ಯಾರಿಗೆ ಎಷ್ಟು ಬಾಕಿ ಕೊಡಬೇಕು ಅನ್ನುವ ಪಟ್ಟಿ ಅದೇ. ಇದನ್ನು ಲೆಕ್ಕ ವಿಭಾಗಕ್ಕೆ ಕೊಡುವ ತನಕ ದೋಷ ಸರಿಯಾಗಿದೆ ಅಂತ ಟಿಕೆಟ್ ಮುಚ್ಚಬಾರದು. ಡೀಸೆಲ್ ಕೈಯಿಂದ ಹಾಕಿ ಓಡಿಸಿದವರ ದುಡ್ಡು ಅದು.

ಕತ್ತರಿಸುವ ಮುಂಚೆ ಹಳೆಯ ಉತ್ತರ ಹಿಡಿದಿಟ್ಟುಕೊಳ್ಳಿ

ಇನ್ನು ಇಂಥದ್ದು ಮತ್ತೆ ಆಗದಂತೆ ಮೆಥಡ್ ಬಿಡಿಸಬೇಕು. ಅದಕ್ಕೆ ಮುಂಚೆ ಈಗಿನ ಕೋಡ್ ಏನು ಉತ್ತರ ಕೊಡುತ್ತದೋ ಅದನ್ನು ಹಾಗೇ ಫೈಲ್‌ಗೆ ಬರೆದಿಡಿ. ಒಂದು ಚೀಟಿಗೆ ಒಂದು ಸಾಲು. ತೂಕ, ಬೆಲೆ, ಬಾಡಿಗೆ, ಕಡಿತ, ಬಡ್ಡಿ, ಪಾವತಿ ಎಲ್ಲ ಅಂಕಣ ಇರಲಿ. ಒಟ್ಟು ಮೊತ್ತ ಮಾತ್ರ ಹೋಲಿಸಿದರೆ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಳ್ಳಬಹುದು. ಉತ್ತರದಲ್ಲಿ ಇನ್ನೊಂದು ತಪ್ಪು ಕಂಡರೂ ಈಗ ತಿದ್ದಬೇಡಿ, ಬೇರೆ ಟಿಕೆಟ್ ಹಾಕಿ. ಬಿಡಿಸುವ ಕೆಲಸ ಮುಗಿಯುವ ತನಕ ಉತ್ತರ ಒಂದು ಪೈಸೆಯೂ ಬದಲಾಗಬಾರದು.

ಇಲ್ಲಿ ಸಾಮಾನ್ಯವಾಗಿ ಎರಡು ಅಡ್ಡಿ ಬರುತ್ತವೆ. ಒಂದು, ಮೆಥಡ್ ನಡುವೆ ಡೇಟಾಬೇಸ್ ಕರೆಗಳು. ಓದುವುದನ್ನೆಲ್ಲ ಮೇಲಕ್ಕೆ, ಬರೆಯುವುದನ್ನೆಲ್ಲ ಕೆಳಕ್ಕೆ ಸರಿಸಿದರೆ ನಡುವೆ ಬರೀ ಲೆಕ್ಕ ಉಳಿಯುತ್ತದೆ. ಸರಿಸುವಾಗಲೂ ಫೈನಲ್ ಉಪಾಯ ಬಳಸಿ, ಯಾಕೆಂದರೆ ನಮ್ಮ ದೋಷ ಹುಟ್ಟಿದ್ದೇ ಸಾಲು ಸರಿಸಿದಾಗ. ಇನ್ನೊಂದು ಅಡ್ಡಿ ಇವತ್ತಿನ ದಿನಾಂಕ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ನಮ್ಮ ಮೆಥಡ್ ಬಡ್ಡಿಯ ದಿನಗಳನ್ನು ಕಂಪ್ಯೂಟರ್ ಗಡಿಯಾರ ನೋಡಿ ಎಣಿಸುತ್ತಿತ್ತು. ಹಾಗಿದ್ದರೆ ಇವತ್ತಿನ ಉತ್ತರ ನಾಳೆ ತಾಳೆಯಾಗುವುದಿಲ್ಲ. ಪಾವತಿ ದಿನಾಂಕವನ್ನು ಪ್ಯಾರಾಮೀಟರ್ ಆಗಿ ಹೊರಗಿನಿಂದ ಕೊಡಿ.

ಎಲ್ಲಿ ಕತ್ತರಿಸಬೇಕು

ಸಾಲು ಎಣಿಸಿ ಕತ್ತರಿಸುವುದು ದೊಡ್ಡ ತಪ್ಪು. ಮೆಥಡನ್ನು ಭಾಗ1, ಭಾಗ2, ಭಾಗ3 ಅಂತ ತುಂಡು ಮಾಡಿ, ನಡುವಿನ ವೇರಿಯಬಲ್‌ಗಳನ್ನೆಲ್ಲ ಕ್ಲಾಸ್‌ನ ಫೀಲ್ಡ್ ಮಾಡಿಬಿಟ್ಟರೆ ಪ್ರತಿ ತುಂಡಿನ ಸಿಸಿಎನ್ ಇಳಿಯುತ್ತದೆ, ಟೂಲ್ ಸುಮ್ಮನಾಗುತ್ತದೆ. ದೋಷ ಮಾತ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಮುಂಚೆ ತೂಕವನ್ನು ಒಂದು ಮೆಥಡ್ ಒಳಗೆ ಮಾತ್ರ ಬದಲಾಯಿಸಬಹುದಿತ್ತು, ಈಗ ಇಡೀ ಕ್ಲಾಸ್‌ನಲ್ಲಿ ಯಾರು ಬೇಕಾದರೂ ಬದಲಾಯಿಸಬಹುದು. ಅಳತೆ ಇಳಿಸುವುದೇ ಗುರಿಯಾದರೆ ಹೀಗೇ ಆಗುವುದು.

ಸರಿಯಾದ ಜಾಗ ಕಾರ್ಖಾನೆಯವರ ಬಾಯಲ್ಲೇ ಇರುತ್ತದೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1930ರ ದಶಕದಲ್ಲಿ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಕೈಯಲ್ಲಿ ಬಿಲ್ ಬರೆಯುತ್ತಿದ್ದವರು ಲೆಕ್ಕವನ್ನು ಅಂಕಣಗಳಾಗಿ ಒಡೆದಿಟ್ಟಿದ್ದಾರೆ. ನಿವ್ವಳ ತೂಕ, ತರಗು ಕಳೆದು ತೂಕ, ದರ, ಕಟಾವು ಕೂಲಿ, ಸಾಗಣೆ ಬಾಡಿಗೆ, ಸೊಸೈಟಿ ಸಾಲ, ಬಡ್ಡಿ. ಒಂದೊಂದು ಅಂಕಣಕ್ಕೆ ಒಂದೊಂದು ಮೆಥಡ್, ಹೆಸರೂ ಅದೇ. ಬಿಡಿಸಿದ ಮೇಲೆ ಮುಖ್ಯ ಮೆಥಡ್ ಹೀಗೆ ಓದಿಸಿಕೊಳ್ಳುತ್ತದೆ:

ನಿವ್ವಳ = ನಿವ್ವಳ_ತೂಕ(ಚೀಟಿ);
ಪಾವತಿ_ತೂಕ = ತರಗು_ಕಳೆದ_ತೂಕ(ನಿವ್ವಳ, ಚೀಟಿ);
ಕಬ್ಬಿನ_ಬೆಲೆ = ಬೆಲೆ(ಪಾವತಿ_ತೂಕ, ದರ(ಇಳುವರಿ));
ಬಾಡಿಗೆ = ಸಾಗಣೆ_ಬಾಡಿಗೆ(ನಿವ್ವಳ, ಚೀಟಿ.ದೂರ);

ಇಲ್ಲಿ ತೂಕ ಎಂಬ ಹೆಸರೇ ಇಲ್ಲ. ಎರಡು ತೂಕಕ್ಕೆ ಎರಡು ಹೆಸರು, ಎರಡೂ ಫೈನಲ್. ಬಾಡಿಗೆಯ ಸಾಲನ್ನು ಎಲ್ಲಿಗೆ ಸರಿಸಿದರೂ ಉತ್ತರ ಒಂದೇ. ಹಾಗಾಗಿ ಮೆಥಡ್ ಹೊರತೆಗೆಯುವ ಮುಂಚೆ ವೇರಿಯಬಲ್ ಒಡೆಯಿರಿ. ಇದೇ ಅನುಕ್ರಮ. ವೇರಿಯಬಲ್ ಒಡೆಯದೆ ಐಡಿಇಯಲ್ಲಿ, ಅಂದರೆ ಕೋಡ್ ಬರೆಯುವ ಸಾಫ್ಟ್‌ವೇರಿನಲ್ಲಿ, ಎಕ್ಸ್‌ಟ್ರ್ಯಾಕ್ಟ್ ಮೆಥಡ್ ಒತ್ತಿದರೆ (ಇಂಟೆಲಿಜೆಯಲ್ಲಿ ಕಂಟ್ರೋಲ್, ಆಲ್ಟ್, ಎಮ್) ಏಳೆಂಟು ಪ್ಯಾರಾಮೀಟರ್ ಬೇಕು, ಎರಡು ವ್ಯಾಲ್ಯೂ ಹೊರಗೆ ಕೊಡಬೇಕು ಅಂತ ತಕರಾರು ಬರುತ್ತದೆ. ಆ ತಕರಾರು ಬಂದರೆ ಒತ್ತಾಯ ಮಾಡಬೇಡಿ. ಕತ್ತರಿಸುವ ಜಾಗ ತಪ್ಪಿದೆ, ಇಲ್ಲವೇ ಒಂದು ವೇರಿಯಬಲ್ ಎರಡು ಕೆಲಸ ಮಾಡುತ್ತಿದೆ.

ಒಳಗೊಳಗೆ ಹೋದ ಇಫ್‌ಗಳನ್ನು ತಿರುಗಿಸಿ ಬರೆಯಿರಿ. ಅನ್ವಯ ಆಗದವರನ್ನು ಬಾಗಿಲಲ್ಲೇ ಕಳಿಸಿಬಿಡಿ:

ತರಗು_ಕಳೆದ_ತೂಕ(ನಿವ್ವಳ, ಚೀಟಿ) {
    ಇಫ್ (!ಚೀಟಿ.ಒಪ್ಪಿಗೆ_ಕಬ್ಬು) ರಿಟರ್ನ್ ನಿವ್ವಳ;
    ಇಫ್ (!ಚೀಟಿ.ತರಗು_ಇದೆ) ರಿಟರ್ನ್ ನಿವ್ವಳ;
    ಇಫ್ (ಚೀಟಿ.ತರಗು_ಶೇಕಡ <= ಮಿತಿ || ಚೀಟಿ.ಮಾಫಿ) ರಿಟರ್ನ್ ನಿವ್ವಳ;
    ರಿಟರ್ನ್ ನಿವ್ವಳ - ನಿವ್ವಳ * ಚೀಟಿ.ತರಗು_ಶೇಕಡ / 100;
}

ಸಿಸಿಎನ್ ಮೊದಲಿನಷ್ಟೇ, 5. ಕಾಗ್ನಿಟಿವ್ 7ರಿಂದ 4ಕ್ಕೆ ಇಳಿಯಿತು. ಷರತ್ತು ತಿರುಗಿಸುವಾಗ && ಇದ್ದದ್ದು || ಆಗುತ್ತದೆ, > ಇದ್ದದ್ದು <= ಆಗುತ್ತದೆ. ಹೆಚ್ಚಿನವರು ಎಡವುವುದು ಈ ಸಮ ಗುರುತಿನಲ್ಲಿ. ತರಗು ಸರಿಯಾಗಿ ಮಿತಿಯಷ್ಟೇ ಇರುವ ಒಂದು ಚೀಟಿ ಹೋಲಿಕೆಯ ಫೈಲ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಕೈಯಿಂದ ಮಾಡಿ ಸೇರಿಸಿ.

ಹೊರಬಂದ ಚಿಕ್ಕ ಮೆಥಡ್‌ಗೆ ಟೆಸ್ಟ್ ಬರೆಯುವುದು ಎಷ್ಟು ಸುಲಭ ಅನ್ನುವುದಕ್ಕೆ ದರದ ಮೆಥಡ್ ನೋಡಿ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ (ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಪ್ರತಿ ಶೇ 0.1 ಏರಿದರೆ 3.46 ಜಾಸ್ತಿ, ಇಳಿದರೆ ಅಷ್ಟೇ ಕಡಿಮೆ. ಶೇ 9.5 ಅಥವಾ ಅದಕ್ಕಿಂತ ಕೆಳಗಿದ್ದರೆ 329.05ರಲ್ಲಿ ನಿಲ್ಲುತ್ತದೆ. ಒಂದೇ ಇಫ್, ಸಿಸಿಎನ್ 2. ಟೆಸ್ಟ್‌ಗಳು: 10.25ಕ್ಕೆ 355, 10.35ಕ್ಕೆ 358.46, 9.5ಕ್ಕೆ 329.05, 9.2ಕ್ಕೂ 329.05. ನಾನೂರು ಸಾಲಿನೊಳಗೆ ಇದ್ದಾಗ ಈ ನಾಲ್ಕನ್ನು ಪರೀಕ್ಷಿಸಲು ಇಡೀ ಚೀಟಿ, ರೈತರ ಖಾತೆ, ಸಾಲದ ವಿವರ ಎಲ್ಲ ತಯಾರು ಮಾಡಬೇಕಿತ್ತು. ಹಾಗಾಗಿಯೇ ಯಾರೂ ಬರೆದಿರಲಿಲ್ಲ.

ಸ್ಲ್ಯಾಬ್‌ನ ಸ್ವಿಚ್ಚನ್ನು ನಾವು ಹಾಗೇ ಬಿಟ್ಟು ಸಾಗಣೆ_ಬಾಡಿಗೆಯ ಒಳಗೆ ಸೇರಿಸಿದೆವು. ಸ್ಲ್ಯಾಬ್ ಪದೇ ಪದೇ ಬದಲಾಗುವುದಾದರೆ ಟೇಬಲ್‌ಗೆ ಹಾಕಿ.

ಮತ್ತೆ ಬೆಳೆಯದ ಹಾಗೆ

ಒಂದೊಂದು ಮೆಥಡ್ ಹೊರತೆಗೆದಾಗಲೂ ಹೋಲಿಕೆ ಓಡಿಸಿ, ಕಮಿಟ್ ಮಾಡಿ. ಕೊನೆಗೆ ಅಳತೆ ತೆಗೆದಾಗ ಫೈಲ್‌ನ ಒಟ್ಟು ಸಿಸಿಎನ್ ಸ್ವಲ್ಪ ಏರಿದ್ದು ಕಂಡರೆ ಗಾಬರಿ ಬೇಡ, ಪ್ರತಿ ಹೊಸ ಮೆಥಡ್ ಒಂದು ಅಂಕದಿಂದಲೇ ಶುರುವಾಗುತ್ತದೆ. ನೋಡಬೇಕಾದ್ದು ಅತಿ ದೊಡ್ಡ ಮೆಥಡ್‌ನ ಸಂಖ್ಯೆಯನ್ನು.

ಬಿಲ್ಡ್‌ನಲ್ಲಿ ಮಿತಿ ಹಾಕುವಾಗ ಹಳೆಯ ಕೋಡಿಗೆಲ್ಲ ಒಮ್ಮೆಗೇ 10 ಅಂತ ಹಾಕಬೇಡಿ. ನೂರಾರು ಎಚ್ಚರಿಕೆ ಬಂದರೆ ಎರಡೇ ದಿನಕ್ಕೆ ಯಾರೋ ಅದನ್ನು ಆಫ್ ಮಾಡುತ್ತಾರೆ. ಇಷ್ಟು ಎಚ್ಚರಿಕೆ ತನಕ ಬಿಡು ಅಂತ ಲಿಝರ್ಡ್‌ಗೆ ಹೇಳಬಹುದು. ಇವತ್ತಿನ ಸಂಖ್ಯೆಯನ್ನೇ ಅಲ್ಲಿ ಕೊಡಿ, ಒಂದು ಮೆಥಡ್ ಸರಿಯಾದಾಗ ಒಂದು ಇಳಿಸಿ.

ಹೋಲಿಕೆಯಲ್ಲಿ ಒಂದು ಪೈಸೆ ವ್ಯತ್ಯಾಸ ಬಂದರೆ

ಬಿಡಿಸುವಾಗ ಇದು ಬಂದೇ ಬರುತ್ತದೆ. ಕಡೆಗಣಿಸಬೇಡಿ. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಹಳೆಯ ಕೋಡ್ ಡಬಲ್ (ದಶಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬಳಸುತ್ತಿದ್ದು, ನೀವು ಬಿಗ್‌ಡೆಸಿಮಲ್‌ಗೆ (ದಶಾಂಶವನ್ನು ನಿಖರವಾಗಿ ಇಡುವ ಸಂಖ್ಯೆ) ಬದಲಾಯಿಸಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಕಮಿಟ್ ಮಾಡಿ. ಹಾಗೆ ಮಾಡುವಾಗಲೂ ಬಿಗ್‌ಡೆಸಿಮಲ್‌ಗೆ ಸಂಖ್ಯೆಯನ್ನು ಸ್ಟ್ರಿಂಗ್ ಆಗಿ ಕೊಡಿ. ಡಬಲ್ ಕೊಟ್ಟರೆ 0.1 ಸರಿಯಾಗಿ 0.1 ಆಗಿ ಉಳಿಯುವುದಿಲ್ಲ.

ಇನ್ನೊಂದು ಕಾರಣ ಪೈಸೆಗೆ ಸರಿಹೊಂದಿಸುವ ಜಾಗ. 100.004 ಮತ್ತು 100.004 ಎರಡನ್ನೂ ಮೊದಲೇ ಎರಡು ದಶಾಂಶಕ್ಕೆ ತಂದು ಕೂಡಿದರೆ 200.00, ಕೂಡಿ ಆಮೇಲೆ ತಂದರೆ 200.01. ಹಳೆಯ ಕೋಡ್ ಕೊನೆಯಲ್ಲಿ ಒಂದೇ ಸಲ ಸರಿಹೊಂದಿಸುತ್ತಿದ್ದರೆ ಹೊಸ ಚಿಕ್ಕ ಮೆಥಡ್‌ಗಳ ಒಳಗೆ ಆ ಕೆಲಸ ಮಾಡಬೇಡಿ, ಮುಖ್ಯ ಮೆಥಡ್‌ನ ಕೊನೆಯಲ್ಲೇ ಇಡಿ. ಯಾವುದು ಸರಿಯಾದ ಪದ್ಧತಿ ಎಂದು ಲೆಕ್ಕ ವಿಭಾಗದವರಿಂದ ಬರಹದಲ್ಲಿ ಪಡೆದ ಮೇಲೆ ಬದಲಾಯಿಸಿದರಾಯಿತು.